ಜೋಳವಾಳಿ ಮತ್ತು ಕಾಯಕ: ಉದ್ಯೋಗದ ಅರ್ಥವನ್ನು ಕುರಿತು

ವಚನಸಾಹಿತ್ಯದಿಂದ ಜನಜೀವನಕ್ಕೆ ಇಳಿದುಬಂದ ನುಡಿಗಳಲ್ಲಿ, ಕಾಯಕವನ್ನು ಕೈಲಾಸದೊಡನೆ ಸಮೀಕರಿಸುವ ಎರಡು ಪದಗಳ ನುಡಿಗೆ ದೊರೆತಷ್ಟು ಪ್ರಚಾರ ಮತ್ತಾವುದಕ್ಕೂ ದೊರೆತಿಲ್ಲ. ಶಾಲೆಯ ಗೋಡೆ, ಸಹಕಾರ ಸಂಘದ ದಿನದರ್ಶಿಕೆ, ಬಸ್ಸಿನ ಮುಂಗಾಜು, ಕಾರ್ಖಾನೆಯ ಹೆಬ್ಬಾಗಿಲು, ಕಚೇರಿಯ ಮೇಜು ಎಲ್ಲೆಡೆಯೂ ಅದು ಕಣ್ಣಿಗೆ ಬೀಳುತ್ತದೆ. ಪ್ರಚಾರ ಹೆಚ್ಚಿದಷ್ಟೂ ಅರ್ಥ ಸವೆಯುವುದು ನುಡಿಗಳ ಸ್ವಭಾವ. ಇಂದು ಈ ನುಡಿಯನ್ನು ಉದ್ಧರಿಸುವವರಲ್ಲಿ ಬಹುಮಂದಿ ಹೇಳಬಯಸುವುದು ಇಷ್ಟೆ: ಕೊಟ್ಟ ಕೆಲಸವನ್ನು ಮರುಮಾತಿಲ್ಲದೆ ಮಾಡು, ಪ್ರತಿಫಲದ ಮಾತೆತ್ತಬೇಡ. ಆಯ್ದಕ್ಕಿ ಮಾರಯ್ಯನ ವಚನವನ್ನು ಆದ್ಯಂತವಾಗಿ ಓದಿದವರಿಗೆ ಈ ಅರ್ಥ ಅಲ್ಲಿ ದೊರೆಯುವುದಿಲ್ಲ. ದೊರೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು.

ಆ ವಚನದ ದಿಟ್ಟತನವನ್ನು ಮೊದಲು ಗಮನಿಸತಕ್ಕದ್ದು. ಕಾಯಕದಲ್ಲಿ ನಿರತನಾದವನು ಗುರುವಿನ ದರ್ಶನವನ್ನಾದರೂ ಮರೆಯಬೇಕು, ಲಿಂಗದ ಪೂಜೆಯನ್ನಾದರೂ ಮರೆಯಬೇಕು, ಜಂಗಮನು ಎದುರಿಗೆ ಬಂದು ನಿಂತರೂ ಅವನ ದಾಕ್ಷಿಣ್ಯಕ್ಕೆ ಸಿಲುಕಬಾರದು ಎಂಬುದು ಅದರ ತಾತ್ಪರ್ಯ. ಶರಣಧರ್ಮದಲ್ಲಿ ಗುರು ಲಿಂಗ ಜಂಗಮಗಳಿಗಿಂತ ದೊಡ್ಡದಿಲ್ಲ. ಅಂಥ ಮೂರನ್ನೂ ದುಡಿಮೆಯ ಹೊತ್ತಿನಲ್ಲಿ ಬದಿಗಿರಿಸಬಹುದೆಂದು ಹೇಳಿದ ಮಾತನ್ನು ಮೇಲಧಿಕಾರಿಯ ಮುಂದೆ ಕೈಕಟ್ಟಿ ನಿಲ್ಲಲು ಪ್ರಮಾಣವಾಗಿ ಬಳಸಿಕೊಳ್ಳುವುದು ವಿಚಿತ್ರವಾದ ವ್ಯಾಖ್ಯಾನ. ಗುರುವಿಗೇ ಇಲ್ಲದ ದಾಕ್ಷಿಣ್ಯ ಒಡೆಯನಿಗೆ ಎಲ್ಲಿಂದ ಬರಬೇಕು?

ಹಾಗಾದರೆ ಈ ಅಪಾರ್ಥದ ಮೂಲ ಎಲ್ಲಿ? ಅದನ್ನು ಹುಡುಕಲು ವಚನಗಳಿಗಿಂತ ಹಿಂದಿನ ಕನ್ನಡಕ್ಕೆ ಹೋಗಬೇಕಾಗುತ್ತದೆ. ಒಡೆಯನ ಅನ್ನವನ್ನುಂಡವನು ಆ ಋಣವನ್ನು ಪ್ರಾಣ ಕೊಟ್ಟಾದರೂ ತೀರಿಸಬೇಕೆಂಬ ನಿಷ್ಠೆಗೆ ಹಳಗನ್ನಡದಲ್ಲಿ ‘ಜೋಳವಾಳಿ’ ಎಂದು ಹೆಸರು. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ತನ್ನ ಜನ್ಮವೃತ್ತಾಂತವನ್ನು ತಿಳಿದ ಬಳಿಕವೂ ಕರ್ಣ ದುರ್ಯೋಧನನನ್ನು ಬಿಡದಿರುವುದರ ಹಿಂದೆ ಸ್ನೇಹದಷ್ಟೇ ಈ ಅನ್ನದ ಋಣವೂ ಇದೆ. ವೇಳೆವಾಳಿ, ಲೆಂಕವಾಳಿ ಎಂಬ ಪದಗಳೂ ಇದೇ ಕುಲಕ್ಕೆ ಸೇರಿದವು. ಶಾಸನಗಳಲ್ಲಿ ಬರುವ ಈ ಸಂಬಂಧಗಳನ್ನು ಎಂ. ಚಿದಾನಂದಮೂರ್ತಿಯವರು ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ದಲ್ಲಿ (೧೯೬೬) ವಿವರವಾಗಿ ವಿವೇಚಿಸಿದ್ದಾರೆ. ಬೆಂಗಳೂರಿನ ಹೆಸರೇ ಮೊತ್ತಮೊದಲು ಕಾಣಿಸಿಕೊಳ್ಳುವುದು ಇಂಥದೊಂದು ಕಲ್ಲಿನ ಮೇಲೆ ಎಂಬುದು ಇಲ್ಲಿ ಸ್ಮರಣೀಯ. ಬೇಗೂರಿನ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. ೮೯೦ರ ವೀರಗಲ್ಲಿನ ಶಾಸನ ಗಂಗರ ಅಧಿಕಾರಿ ನಾಗತ್ತರನ ಕಡೆಯವನೊಬ್ಬ ಬೆಂಗಳೂರ ಕಾಳಗದಲ್ಲಿ ಮಡಿದುದನ್ನು ಹೇಳುತ್ತದೆ. ಊರೊಂದು ತನ್ನ ಹೆಸರನ್ನು ಬರಹದಲ್ಲಿ ಪಡೆದದ್ದೇ ಊಳಿಗದವನ ಸಾವಿನಿಂದ. ಕನ್ನಡ ನಾಡಿನ ಸಾವಿರಾರು ವೀರಗಲ್ಲುಗಳಲ್ಲಿ ಮೂಡಿರುವುದು ಇದೇ ನೀತಿ. ಅದರಲ್ಲಿ ಭವ್ಯತೆ ಇಲ್ಲವೆನ್ನಲಾಗದು. ಆದರೆ ಅಲ್ಲಿ ಕೆಲಸದ ಬೆಲೆಯನ್ನು ನಿರ್ಣಯಿಸುವವನು ಒಡೆಯ, ಕೆಲಸಗಾರನಲ್ಲ.

ಹನ್ನೆರಡನೆಯ ಶತಮಾನದ ಶರಣರು ‘ಕಾಯಕ’ ಎಂಬ ಪದಕ್ಕೆ ಹೊಸ ಜೀವ ಕೊಟ್ಟದ್ದು ಜೋಳವಾಳಿಯ ನೀತಿ ಬಲವಾಗಿದ್ದ ಇಂಥ ಸಮಾಜದ ನಡುವೆ. ಆದುದರಿಂದ ಕಾಯಕವನ್ನು ಕೇವಲ ಶ್ರಮದ ಪ್ರಶಂಸೆಯೆಂದು ಓದಿದರೆ ಅದರ ಅರ್ಧ ಭಾಗ ಕೈಬಿಟ್ಟುಹೋಗುತ್ತದೆ. ಜೋಳವಾಳಿಯಲ್ಲಿ ಋಣ ಒಡೆಯನಿಗೆ ಸಲ್ಲುತ್ತದೆ. ಕಾಯಕದಲ್ಲಿ ದುಡಿದವನ ಋಣ ಶಿವನಿಗೆ, ಅಂದರೆ ಪ್ರತ್ಯಕ್ಷವಾಗಿ ಸಮಾಜಕ್ಕೆ, ದಾಸೋಹದ ರೂಪದಲ್ಲಿ ಸಲ್ಲುತ್ತದೆ. ಶ್ರಮ ಅದೇ ಇರಬಹುದು. ಅದರ ಮುಖ ತಿರುಗಿದೆ.

ಈ ತಿರುವಿನ ಕಷ್ಟವನ್ನು ಸ್ವತಃ ಅನುಭವಿಸಿದವರು ಬಸವಣ್ಣನವರು. ನುಲಿಯ ಚಂದಯ್ಯ ಹುಲ್ಲು ಹೊಸೆದು ಹಗ್ಗ ಮಾರುತ್ತಿದ್ದ, ಮೇದಾರ ಕೇತಯ್ಯ ಬಿದಿರು ಸೀಳುತ್ತಿದ್ದ, ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದ. ಇವರಾರಿಗೂ ಇಂದಿನ ಅರ್ಥದಲ್ಲಿ ‘ನೌಕರಿ’ ಇರಲಿಲ್ಲ. ಬಸವಣ್ಣನವರಿಗಾದರೋ ಇತ್ತು. ಅವರು ಬಿಜ್ಜಳನ ಭಂಡಾರದಲ್ಲಿ ಸೇವೆಯಲ್ಲಿದ್ದವರು, ಲೆಕ್ಕ ಒಪ್ಪಿಸಬೇಕಾದವರು. ಭವಿಯ ಸಿಂಹಾಸನದ ಕೆಳಗೆ ಕುಳಿತು ಓಲೈಸುತ್ತಾನೆಂಬ ಆಕ್ಷೇಪ ಶರಣರ ಕಡೆಯಿಂದಲೂ, ಅರಸನ ಧನವನ್ನು ಜಂಗಮರಿಗೆ ಸುರಿಯುತ್ತಾನೆಂಬ ದೂರು ಅರಮನೆಯ ಕಡೆಯಿಂದಲೂ ಅವರ ಮೇಲೆ ಬಂತು. ಮೊದಲನೆಯದಕ್ಕೆ ಅವರು ವಚನದಲ್ಲಿಯೇ ಉತ್ತರ ಕೊಟ್ಟಿದ್ದಾರೆ: ಈ ಸೇವೆ ತನ್ನ ಒಡಲಿಗಾಗಿ ಅಲ್ಲ, ಶರಣರಿಗಾಗಿ ಅತ್ಯಂತ ಕೀಳೆನಿಸಿಕೊಂಡವರ ಮನೆಯಲ್ಲಿ ಕೂಲಿ ಮಾಡಲೂ ತಾನು ಸಿದ್ಧ. ಎರಡನೆಯದಕ್ಕೆ ಉತ್ತರ ಭೀಮಕವಿಯ ಬಸವಪುರಾಣ (೧೩೬೯) ಮೊದಲಾದ ಕಾವ್ಯಗಳಲ್ಲಿ ಪವಾಡವಾಗಿ ಬಂದಿದೆ. ಭಂಡಾರವನ್ನು ಎಣಿಸಿದಾಗ ಹಣ ಕಡಮೆಯಾಗಿರಲಿಲ್ಲ. ಪವಾಡವನ್ನು ತೆಗೆದಿಟ್ಟರೂ ಉಳಿಯುವ ಅಂಶ ಮುಖ್ಯವಾದುದು. ಸಂಬಳ ಕೊಡುವವನ ಲೆಕ್ಕ ಚೊಕ್ಕವಾಗಿರಬೇಕು; ಆದರೆ ಬಾಳಿನ ನಿಷ್ಠೆ ಸಂಬಳ ಕೊಡುವವನಿಗೆ ಮಾರಾಟವಾಗಿರಬಾರದು. ಸರ್ಕಾರಿ ನೌಕರರಿಗೂ ಕಂಪನಿಗಳ ನೌಕರರಿಗೂ ಕನ್ನಡದಲ್ಲಿ ದೊರೆಯಬಹುದಾದ ಮೊದಲ ಮಾದರಿ ಇದು. ವಿಧಾನಸೌಧದ ಮೇಲೆ ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಕೆತ್ತಲಾದ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ವಾಕ್ಯವನ್ನು ಈ ಬೆಳಕಿನಲ್ಲಿ ಓದಬಹುದು. ಸರ್ಕಾರವೇ ದೇವರೆಂದು ಓದುವವರೂ ಇಲ್ಲದಿಲ್ಲ.

ಮಾರಯ್ಯ ಲಕ್ಕಮ್ಮರ ಪ್ರಸಂಗವನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಆಯ್ದ ಜಾಗದಲ್ಲೇ ಚೆಲ್ಲಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸುತ್ತಾಳೆ. ಉಪನ್ಯಾಸಗಳಲ್ಲಿ ಈ ಕಥೆಯನ್ನು ‘ಆಸೆ ಬೇಡ’ ಎಂಬ ಬುದ್ಧಿವಾದಕ್ಕೆ ಇಳಿಸುವುದು ವಾಡಿಕೆ. ಲಕ್ಕಮ್ಮನ ಆಕ್ಷೇಪ ಅದಕ್ಕಿಂತ ಸೂಕ್ಷ್ಮವಾದುದು. ಆ ಅಕ್ಕಿ ದುಡಿಮೆಯಿಂದ ಹೆಚ್ಚಾದುದಲ್ಲ, ದೊಡ್ಡವರ ಔದಾರ್ಯದಿಂದ ಹೆಚ್ಚಾದುದು. ದುಡಿಮೆಗೂ ಪಡೆದುದಕ್ಕೂ ನಡುವಣ ಅಳತೆ ತಪ್ಪಿದಲ್ಲಿ ಕಾಯಕ ಭಿಕ್ಷೆಯಾಗುತ್ತದೆ, ದುಡಿದವನು ಋಣಿಯಾಗುತ್ತಾನೆ. ಅಂದರೆ ಮತ್ತೆ ಜೋಳವಾಳಿ. ಬಡತನದಲ್ಲಿಯೂ ಆಕೆ ಕಾಪಾಡಿಕೊಂಡದ್ದು ಗಂಡನ ಸ್ವಾತಂತ್ರ್ಯವನ್ನು. ಇದೇ ಅಳತೆಯ ಇನ್ನೊಂದು ಮಗ್ಗುಲನ್ನು ಎತ್ತಿ ಹೇಳುವವರು ಕಡಮೆ: ದುಡಿಮೆಗಿಂತ ಹೆಚ್ಚು ಪಡೆಯುವುದು ತಪ್ಪಾದರೆ, ದುಡಿಮೆಗಿಂತ ಕಡಮೆ ಕೊಡುವುದೂ ತಪ್ಪೇ ಆಗಬೇಕು. ಗೋಡೆಯ ಮೇಲೆ ಕಾಯಕದ ಫಲಕ ತೂಗುಹಾಕುವ ಧಣಿಗಳು ಲಕ್ಕಮ್ಮನನ್ನು ನೆನೆಯದಿರುವುದಕ್ಕೆ ಬಹುಶಃ ಇದೇ ಕಾರಣ.

ಕಾಯಕತತ್ತ್ವದ ಮೇಲೆ ಗಂಭೀರವಾದ ಒಂದು ಆಕ್ಷೇಪವೂ ಇದೆ. ಮಡಿವಾಳ, ಮಾದಾರ, ಡೋಹರ, ಅಂಬಿಗ, ಮೇದಾರ ಇವೆಲ್ಲ ಜಾತಿಯ ವೃತ್ತಿಗಳು. ಆಯಾ ವೃತ್ತಿಯನ್ನು ಕೈಲಾಸವೆಂದು ಹೊಗಳಿದುದರಿಂದ ಹುಟ್ಟಿದ ಕಸುಬಿಗೆ ಮನುಷ್ಯನನ್ನು ಮತ್ತಷ್ಟು ಬಿಗಿದಂತಾಗಲಿಲ್ಲವೆ? ಈ ಪ್ರಶ್ನೆಯನ್ನು ಭಕ್ತಿಯ ಆವೇಶದಲ್ಲಿ ತಳ್ಳಿಹಾಕುವುದು ಸಲ್ಲದು. ಶರಣರ ಚಳವಳಿ ವೃತ್ತಿಗಳ ಹಂಚಿಕೆಯನ್ನು ಹೇಳಿಕೊಳ್ಳುವಷ್ಟು ಬದಲಿಸಲಿಲ್ಲ ಎಂಬುದು ನಿಜ. ಅದು ಬದಲಿಸಿದ್ದು ವೃತ್ತಿಗಳ ತಾರತಮ್ಯವನ್ನು; ಅದೂ ಕಲ್ಯಾಣದಲ್ಲಿ, ಕೆಲವು ವರ್ಷಗಳ ಕಾಲ. ಮಾದಾರ ಚೆನ್ನಯ್ಯ ಡೋಹರ ಕಕ್ಕಯ್ಯರನ್ನು ಬಸವಣ್ಣನವರು ತಮ್ಮ ಹಿರಿಯರೆಂದು ಕರೆದುಕೊಂಡದ್ದು, ಹರಳಯ್ಯ ಮಧುವರಸರ ಮನೆತನಗಳ ನಡುವೆ ವಿವಾಹಸಂಬಂಧ ಏರ್ಪಟ್ಟದ್ದು, ಅದಕ್ಕೆ ತೆರಬೇಕಾದ ಬೆಲೆ ಎಷ್ಟೆಂಬುದು, ಇವನ್ನು ಎಲ್ಲರೂ ಬಲ್ಲರು. ಆದರೆ ಬೆಲೆ ತೆತ್ತ ಮಾತ್ರಕ್ಕೆ ಕೆಲಸ ಮುಗಿಯಿತೆನ್ನಲಾಗದು. ಕಾಯಕಗಳೆಲ್ಲ ಸಮಾನವೆನ್ನುವ ಸಮಾಜದಲ್ಲಿಯೂ ಚರಂಡಿಗೆ ಇಳಿಯುವ ಕೆಲಸ ಯಾರ ಪಾಲಿಗೆ ಬೀಳುತ್ತದೆಂದು ಕೇಳುವ ಹಕ್ಕು ಉಳಿದೇ ಇದೆ. ಕಾಯಕಗಳ ಸಮಾನತೆಯನ್ನು ಸಾರುವವರು ತಮ್ಮ ಮಕ್ಕಳಿಗೆ ಆರಿಸುವ ಕಾಯಕ ಯಾವುದೆಂಬುದು ಈ ತತ್ತ್ವಕ್ಕೆ ಸರಿಯಾದ ಒರೆಗಲ್ಲು.

ಮ್ಯಾಕ್ಸ್ ವೆಬರ್ ಪ್ರಾಟೆಸ್ಟಂಟ್ ನೀತಿಯನ್ನು ಕುರಿತು ೧೯೦೪–೦೫ರಲ್ಲಿ ಬರೆದ ಪ್ರಬಂಧದೊಡನೆ ಕಾಯಕತತ್ತ್ವವನ್ನು ಹೋಲಿಸುವುದು ವಿದ್ವಾಂಸರ ವಲಯದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹೋಲಿಕೆ ಒಂದು ಹಂತದವರೆಗೆ ಮಾತ್ರ ಸಲ್ಲುತ್ತದೆ. ಅಲ್ಲಿ ದುಡಿಮೆಯ ಶಿಸ್ತು ಬಂಡವಾಳದ ಸಂಚಯಕ್ಕೆ ದಾರಿಮಾಡಿಕೊಟ್ಟಿತು. ಇಲ್ಲಿ ಸಂಚಯಕ್ಕೆ ದಾಸೋಹ ಅಡ್ಡ ನಿಂತಿತು. ಈ ವ್ಯತ್ಯಾಸಕ್ಕೆ ಗ್ರಂಥಗಳಲ್ಲಿಯೇ ಸಾಕ್ಷಿ ಹುಡುಕಬೇಕಾಗಿಲ್ಲ. ಬೆಂಗಳೂರಿನಿಂದ ಹಳೇ ಮದರಾಸು ರಸ್ತೆಯಲ್ಲಿ ಕೃಷ್ಣರಾಜಪುರವನ್ನು ದಾಟಿದರೆ ಎಲೆ ಮಲ್ಲಪ್ಪ ಶೆಟ್ಟರ ಕೆರೆ ಸಿಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ವೀಳ್ಯದೆಲೆಯ ವ್ಯಾಪಾರದಿಂದ ಸಂಪಾದಿಸಿದ ಹಣವನ್ನು ನೀರಿನ ಬರದ ಕಾಲದಲ್ಲಿ ಕೆರೆಗೆ ಸುರಿದವರು ಅವರು. ಎಲೆ ಮಾರಿದವರ ಹೆಸರು ನೀರಿಗೆ ಬಂದು ನಿಂತಿದೆ.

ಈ ರಸ್ತೆಯನ್ನೇ ಹಿಡಿದು ಮಾತನ್ನು ಮುಂದುವರಿಸಬಹುದು. ಹಲಸೂರಿನಿಂದ ಹೊರಟು ಇಂದಿರಾನಗರದ ಮಗ್ಗುಲಲ್ಲಿ ಹಾದು, ಬೈಯಪ್ಪನಹಳ್ಳಿ, ದೂರವಾಣಿನಗರಗಳನ್ನು ಸೋಕಿ ಕೃಷ್ಣರಾಜಪುರವನ್ನು ಸೇರುವ ಈ ಕೆಲವೇ ಮೈಲಿಗಳಲ್ಲಿ ಉದ್ಯೋಗವೆಂಬ ಸಂಸ್ಥೆ ಎರಡು ನೂರು ವರ್ಷಗಳಲ್ಲಿ ತಳೆದ ರೂಪಗಳೆಲ್ಲ ಒಂದರ ಪಕ್ಕದಲ್ಲೊಂದು ಕಾಣಸಿಗುತ್ತವೆ. ಜೋಳವಾಳಿ, ಕಾಯಕ ಎಂಬ ಎರಡು ಕಲ್ಪನೆಗಳನ್ನು ಒರೆಗೆ ಹಚ್ಚಲು ಇದಕ್ಕಿಂತ ತಕ್ಕ ನೆಲ ಸಿಗಲಾರದು.

ಮೊದಲನೆಯದು ದಂಡು. ೧೮೦೯ರಲ್ಲಿ ಬ್ರಿಟಿಷರ ದಂಡು ಬೆಂಗಳೂರಿನಲ್ಲಿ ನೆಲೆಯೂರಿದಾಗ ಹಲಸೂರಿನ ಸುತ್ತ, ಇಂದಿನ ಶಿವಾಜಿನಗರದ ಸುತ್ತ, ಬೆಳೆದದ್ದು ಊಳಿಗದವರ ಊರು. ಬಟ್ಲರು, ಬಾವರ್ಚಿ, ದೋಭಿ, ಮಾಲಿ, ಕುದುರೆ ನೋಡುವ ಸಾಯಿಸ, ದುಭಾಷಿ ಎಂಬ ಹೆಸರುಗಳನ್ನು ನೋಡಿದರೇ ಸಾಕು, ಅಲ್ಲಿ ಮನುಷ್ಯ ಗುರುತಿಸಲ್ಪಡುತ್ತಿದ್ದುದು ದೊರೆಗೆ ಆತ ಒದಗಿಸುವ ಸೇವೆಯಿಂದ. ತಮಿಳು, ತೆಲುಗು, ದಖನಿ ಉರ್ದು ಮಾತನಾಡುವ ಜನ ದಂಡಿನ ಹಿಂದೆಯೇ ಬಂದು ನೆಲೆಸಿದರು. ಬಂಗಲೆಯ ಹಿತ್ತಿಲಲ್ಲಿ ಆಳುಗಳ ಸಾಲುಮನೆಗಳೆದ್ದವು. ಪೇಟೆಯ ಬೆಂಗಳೂರಿನಲ್ಲಿ ಕಸುಬಿನವನಿಗೆ ತನ್ನದೇ ಬೀದಿಯಿತ್ತು, ಅಂಗಡಿಯಿತ್ತು, ಜಾತ್ರೆಯಿತ್ತು. ದಂಡಿನ ಆಳಿಗೆ ಇದ್ದದ್ದು ದೊರೆ ಬರೆದುಕೊಟ್ಟ ಗುಣಪತ್ರ. ಎರಡು ಊರುಗಳೂ ೧೯೪೯ರಲ್ಲಿ ಒಂದೇ ನಗರಸಭೆಯ ಅಡಿಗೆ ಬಂದವಾದರೂ ಈ ಭೇದ ಒಡನೆಯೇ ಅಳಿಯಲಿಲ್ಲ. ದಂಡಿನ ನೆಲದಲ್ಲಿಯೂ ಬೇರೊಂದು ಬಗೆಯ ಬಾಳು ಸಾಧ್ಯವಿತ್ತೆಂಬುದಕ್ಕೆ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರ ನಿದರ್ಶನವಿದೆ. ವ್ಯಾಪಾರ, ಗುತ್ತಿಗೆಗಳಿಂದ ಮೇಲೆ ಬಂದ ಅವರು ೧೮೭೩ರಲ್ಲಿ ಬಡಮಕ್ಕಳಿಗಾಗಿ ಉಚಿತ ಶಾಲೆಯನ್ನು ತೆರೆದರು.

ಸ್ವಾತಂತ್ರ್ಯದ ಹೊತ್ತಿಗೆ ಇದೇ ದಿಕ್ಕಿನಲ್ಲಿ ಉದ್ಯೋಗದ ಎರಡನೆಯ ರೂಪ ಹುಟ್ಟಿತು. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನೊಡನೆ ೧೯೪೦ರಲ್ಲಿ ಆರಂಭಿಸಿದ ವಿಮಾನ ಕಾರ್ಖಾನೆ, ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ಹುಟ್ಟಿದ ದೂರವಾಣಿ ಕಾರ್ಖಾನೆಯಾದ ಐ.ಟಿ.ಐ., ೧೯೫೬ರಲ್ಲಿ ಜರ್ಮನಿಯ ಎ.ಇ.ಜಿ. ಕಂಪನಿಯ ಸಹಯೋಗದಿಂದ ಬೈಯಪ್ಪನಹಳ್ಳಿಯಲ್ಲಿ ತಲೆಯೆತ್ತಿದ ಎನ್.ಜಿ.ಇ.ಎಫ್., ೧೯೬೪ರ ಬಿ.ಇ.ಎಂ.ಎಲ್. ಇವು ಬೆಂಗಳೂರಿನ ಪೂರ್ವಭಾಗದ ನಕಾಶೆಯನ್ನೇ ಬದಲಿಸಿದವು. ಊರುಗಳಿಗೂ ಬಡಾವಣೆಗಳಿಗೂ ದುಡಿಮೆಯ ಹೆಸರುಗಳು ಬಂದವು. ದೂರವಾಣಿನಗರ, ವಿಮಾನಪುರ ಎಂಬವು ದೇವರ ಹೆಸರಲ್ಲ, ಪಾಳೆಯಗಾರರ ಹೆಸರೂ ಅಲ್ಲ. ಇಂದಿರಾನಗರದ ದೊಡ್ಡ ಭಾಗವನ್ನು ಹಳಬರು ಇನ್ನೂ ಎಚ್.ಎ.ಎಲ್. ಎರಡನೆಯ ಹಂತವೆಂದೇ ಕರೆಯುವುದುಂಟು. ವಚನಕಾರರ ಹೆಸರಿನ ಹಿಂದೆ ಕಾಯಕದ ಹೆಸರು ಸೇರಿಕೊಂಡಂತೆ ಇಲ್ಲಿ ನೆಲದ ಹಿಂದೆ ಸೇರಿಕೊಂಡಿತು.

ಐ.ಟಿ.ಐ. ಕೊಟ್ಟದ್ದು ಕೇವಲ ಸಂಬಳವನ್ನಲ್ಲ. ಮನೆ, ಆಸ್ಪತ್ರೆ, ಶಾಲೆ, ಉಪಾಹಾರಗೃಹ, ಬಸ್ಸು ಎಲ್ಲವನ್ನೂ ಅದು ಕೊಟ್ಟಿತು. ಹೊಲ ಉಳುತ್ತಿದ್ದ ಮನೆತನದ ಹುಡುಗ ಗಡಿಯಾರಕ್ಕೆ ಬದುಕನ್ನು ಹೊಂದಿಸಿಕೊಂಡ. ಹೆಣ್ಣುಮಕ್ಕಳು ಬಿಡಿಭಾಗಗಳ ಜೋಡಣೆಗೆ ಬಂದರು. ‘ಕೆಲಸಕ್ಕೆ ಹೋಗಿದ್ದಾರೆ’ ಎನ್ನುವ ಬದಲು ‘ಡ್ಯೂಟಿಗೆ ಹೋಗಿದ್ದಾರೆ’ ಎನ್ನುವ ಮಾತು ಮನೆಮನೆಯ ಕನ್ನಡವಾಯಿತು. ‘ಖಾಯಂ’ ಎಂಬ ಪದಕ್ಕೆ ಮದುವೆಯ ಮಾತುಕತೆಯಲ್ಲಿ ಬಂದ ಬೆಲೆ ಯಾವ ಪದವಿಗೂ ಬರಲಿಲ್ಲ. ಇಲ್ಲಿ ಒಂದು ಶಬ್ದವಿಚಾರವನ್ನು ಮಾಡಬಹುದು. ಕನ್ನಡದಲ್ಲಿ ಉದ್ಯೋಗಕ್ಕೆ ಸಂಬಂಧಿಸಿದ ಪದಗಳು ಬಂದಿರುವ ದಾರಿಗಳು ಹಲವು: ನೌಕರಿ, ಚಾಕರಿ ಪಾರಸಿಯವು, ಉತ್ತರ ಕರ್ನಾಟಕದ ಪಗಾರ ಪೋರ್ಚುಗೀಸರದು, ಉದ್ಯೋಗವೆಂಬುದಕ್ಕೆ ಸಂಸ್ಕೃತದಲ್ಲಿ ಪ್ರಯತ್ನವೆಂದು ಅರ್ಥ, ಮಹಾಭಾರತದಲ್ಲಿ ಅದು ಯುದ್ಧಸಿದ್ಧತೆಯ ಪರ್ವದ ಹೆಸರು. ಜೀತವೆಂಬುದು ‘ಜೀವಿತ’ದಿಂದ ಬಂದದ್ದು, ಮೊದಲು ಬದುಕುವ ದಾರಿಯೆಂಬ ಅರ್ಥದ ಗೌರವದ ಪದವಾಗಿದ್ದು ಕಡೆಗೆ ದಾಸ್ಯದ ಹೆಸರಾಯಿತು. ಎಲ್ಲಕ್ಕಿಂತ ಸೊಗಸಾದುದು ಸಂಬಳ. ಸಂಸ್ಕೃತದ ಶಂಬಲದಿಂದ ಬಂದ ಅದರ ಮೂಲಾರ್ಥ ಪಯಣದ ಬುತ್ತಿ. ಬುತ್ತಿಯೆಂದಮೇಲೆ ಅದು ದಾರಿಗೆ ಸಾಕಾಗಬೇಕು, ಬಿಚ್ಚಿದಾಗ ಜೊತೆಯವರೊಡನೆ ಹಂಚಿಕೊಳ್ಳುವಂತಿರಬೇಕು. ತಿಂಗಳ ಕೊನೆಯಲ್ಲಿ ಕೈಗೆ ಬರುವ ಹಣಕ್ಕೆ ಕನ್ನಡ ಇಂಥ ಹೆಸರನ್ನು ಆರಿಸಿಕೊಂಡದ್ದು ಲಕ್ಕಮ್ಮನಿಗೆ ಒಪ್ಪಿಗೆಯಾಗುವ ಸಂಗತಿ.

ಸಾರ್ವಜನಿಕ ಕಾರ್ಖಾನೆಯ ಉದ್ಯೋಗ ಜೋಳವಾಳಿಯೋ ಕಾಯಕವೋ? ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಒಡೆಯ ವ್ಯಕ್ತಿಯಲ್ಲ, ರಾಷ್ಟ್ರ. ಕೆಲಸ ದೇಶದ ಹಳ್ಳಿ ಪಟ್ಟಣಗಳಿಗೆ ದೂರವಾಣಿಯನ್ನು ಒದಗಿಸುವುದು. ಆದುದರಿಂದ ಅದರಲ್ಲಿ ದಾಸೋಹದ ಅಂಶವಿತ್ತು. ಆದರೆ ಇಡೀ ಬಾಳನ್ನು ಕಾರ್ಖಾನೆಯೇ ಹೊತ್ತಾಗ ಕಾರ್ಖಾನೆಗೆ ಎದುರಾಡುವುದೆಂದರೆ ಮನೆಗೇ ಎದುರಾಡಿದಂತೆ. ಐ.ಟಿ.ಐ. ಕಾರ್ಮಿಕರ ಚರಿತ್ರೆಯನ್ನು ವಿಸ್ತಾರವಾಗಿ ಬರೆದ ದಿಲೀಪ್ ಸುಬ್ರಮಣಿಯನ್ನರ ಅಧ್ಯಯನಗಳನ್ನು ಓದಿದಾಗ ಈ ಇಬ್ಬಂದಿ ಸ್ಪಷ್ಟವಾಗುತ್ತದೆ.

೧೯೮೦ರ ಡಿಸೆಂಬರ್ ಕೊನೆಯಲ್ಲಿ ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಐ.ಟಿ.ಐ., ಬಿ.ಇ.ಎಂ.ಎಲ್. ಕಾರ್ಖಾನೆಗಳ ಕಾರ್ಮಿಕರು ಹೂಡಿದ ಮುಷ್ಕರ ೧೯೮೧ರ ಮಾರ್ಚಿಯವರೆಗೆ, ೭೭ ದಿನ ನಡೆಯಿತು. ಒಂದು ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿ ಪಾಲುಗೊಂಡರು. ಬಿ.ಎಚ್.ಇ.ಎಲ್. ಕಾರ್ಮಿಕರಿಗೆ ಸರಿಸಮಾನವಾದ ವೇತನ ಅವರ ಬೇಡಿಕೆ. ಕಾಯಕದ ನಾಡಿನಲ್ಲಿ ಮುಷ್ಕರವೆ ಎಂದು ಹುಬ್ಬೇರಿಸುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅಂಥವರು ಮಡಿವಾಳ ಮಾಚಯ್ಯನ ಕಥೆಯನ್ನು ಮತ್ತೊಮ್ಮೆ ಓದಬೇಕು. ಶರಣರ ಬಟ್ಟೆಯನ್ನಲ್ಲದೆ ಇತರರ ಬಟ್ಟೆಯನ್ನು ಮುಟ್ಟದ ಮಾಚಯ್ಯ ಬಿಜ್ಜಳನ ಬಲಕ್ಕೂ ಬಗ್ಗಲಿಲ್ಲ. ಒಲ್ಲೆನೆನ್ನುವ ಹಕ್ಕು ಕಾಯಕದ ಒಳಗೇ ಇದೆ. ಇಲ್ಲದಿದ್ದರೆ ಅದು ಬಿಟ್ಟಿಯಾಗುತ್ತದೆ. ಆದರೂ ಎರಡು ಪ್ರಸಂಗಗಳನ್ನು ಸರಿಗಟ್ಟುವುದು ವಿಮರ್ಶೆಯ ದೃಷ್ಟಿಯಿಂದ ಸಾಧುವಲ್ಲ. ಮಾಚಯ್ಯ ಒಲ್ಲೆನೆಂದದ್ದು ನಿಷ್ಠೆಗಾಗಿ, ಕಾರ್ಮಿಕರು ಒಲ್ಲೆವೆಂದದ್ದು ಕೂಲಿಗಾಗಿ. ಕೂಲಿ ಕೀಳಲ್ಲ, ಕೂಲಿ ತಪ್ಪಿದ ಮನೆಯಲ್ಲಿ ದಾಸೋಹವೂ ತಪ್ಪುತ್ತದೆ. ಆ ಮುಷ್ಕರ ಮುಖ್ಯ ಬೇಡಿಕೆ ಈಡೇರದೆ ಮುಗಿಯಿತು. ನಗರದ ಕನ್ನಡ ಸಾಹಿತ್ಯದಲ್ಲಿ ಅದರ ಧ್ವನಿ ಎಷ್ಟು ಕ್ಷೀಣವಾಗಿದೆಯೆಂಬುದು ಆಶ್ಚರ್ಯದ ಸಂಗತಿ. ಹಳ್ಳಿಯ ಜೀತವನ್ನು ಕುರಿತು ‘ಚೋಮನ ದುಡಿ’ಯಂಥ ಕೃತಿಯನ್ನು ೧೯೩೩ರಷ್ಟು ಹಿಂದೆಯೇ ಪಡೆದ ಸಾಹಿತ್ಯ, ಕಾರ್ಖಾನೆಯ ಬಾಳನ್ನು ಬಹುಮಟ್ಟಿಗೆ ಕನ್ನಡ ಸಂಘದ ನಾಟಕಗಳಿಗೆ ಬಿಟ್ಟುಕೊಟ್ಟಿತು.

ಉದ್ಯೋಗ ಯಾರಿಗೆ ಎಂಬ ಪ್ರಶ್ನೆಯೂ ಇದೇ ದಶಕದಲ್ಲಿ ಬಿಸಿಯೇರಿತು. ೧೯೮೨ರ ಗೋಕಾಕ ಚಳವಳಿಯ ಬೆನ್ನಿಗೆ ರಚಿತವಾದ ಸರೋಜಿನಿ ಮಹಿಷಿಯವರ ಸಮಿತಿ ೧೯೮೬ರಲ್ಲಿ ವರದಿ ಕೊಟ್ಟು, ಉದ್ಯಮಗಳಲ್ಲಿ ಕನ್ನಡಿಗರಿಗೆ ಆದ್ಯತೆ ಇರಬೇಕೆಂದಿತು. ೨೦೨೪ರ ಜುಲೈನಲ್ಲಿ ಸ್ಥಳೀಯರ ಮೀಸಲಾತಿಯ ಮಸೂದೆಗೆ ಸಚಿವಸಂಪುಟ ಒಪ್ಪಿಗೆ ಕೊಟ್ಟು ಕೆಲವೇ ದಿನಗಳಲ್ಲಿ ತಡೆಹಿಡಿದಾಗ ಇದೇ ಚರ್ಚೆ ಮರುಕಳಿಸಿತು. ಕಲ್ಯಾಣಕ್ಕೆ ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರಿದ ಮೋಳಿಗೆಯ ಮಾರಯ್ಯನನ್ನೂ, ಸೌರಾಷ್ಟ್ರದ ಆದಯ್ಯನನ್ನೂ ತೋರಿಸಿ ಇಂಥ ಬೇಡಿಕೆಯನ್ನು ಸಂಕುಚಿತವೆನ್ನುವುದು ಸುಲಭ. ಆದರೆ ಹೊರಗಿನಿಂದ ಬಂದ ಆ ಮಾರಯ್ಯ ಸೌದೆ ಹೊತ್ತ. ಯಾರ ಕೆಲಸವನ್ನೂ ಕಿತ್ತುಕೊಳ್ಳಲಿಲ್ಲ, ಬಂದ ನಾಡಿನ ಮಾತಿನಲ್ಲಿ ವಚನ ಹೇಳಿದ. ಕಾರ್ಖಾನೆಗಳು ಎದ್ದದ್ದು ಬೈಯಪ್ಪನಹಳ್ಳಿ, ಕಗ್ಗದಾಸಪುರಗಳಂಥ ಹಳ್ಳಿಗಳ ನೆರೆಯಲ್ಲಿ. ನೆಲವನ್ನು ಕೊಟ್ಟವರ ಮಕ್ಕಳು ಬಾಗಿಲಲ್ಲಿ ನಿಂತು ಕೆಲಸ ಕೇಳಿದರೆ ಅದು ಭಾಷಾದ್ವೇಷವಲ್ಲ. ಹಾಗೆಂದು ಶಿವಾಜಿನಗರದ ಓಣಿಗಳಲ್ಲಿ ನಾಲ್ಕು ತಲೆಮಾರು ದುಡಿದವನನ್ನು ಹೊರಗಿನವನೆನ್ನುವುದೂ ನ್ಯಾಯವಲ್ಲ. ಇಂಥ ಪ್ರಶ್ನೆಗಳಿಗೆ ವಚನಗಳಲ್ಲಿ ಸಿದ್ಧ ಉತ್ತರವಿದೆಯೆಂದು ತೋರಿಸಹೊರಡುವುದು ವಚನಗಳಿಗೂ ಪ್ರಶ್ನೆಗೂ ಮಾಡುವ ಅನ್ಯಾಯ.

ಉದ್ಯೋಗವನ್ನು ಒಳಗಿನಿಂದ ಕಂಡ ಎರಡು ಕನ್ನಡ ಕೃತಿಗಳನ್ನು ಇಲ್ಲಿ ಹೆಸರಿಸಲೇಬೇಕು. ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯) ಮುಂಬಯಿಯದು. ಅದರ ನಾಗಪ್ಪ ದೊಡ್ಡ ಕಂಪನಿಯ ಅಧಿಕಾರಿ, ಕೆಲಸದಿಂದ ಅಮಾನತುಗೊಂಡವನು. ಹುದ್ದೆ ತಪ್ಪಿದೊಡನೆ ತಾನು ಯ���ರೆಂಬುದೇ ಅವನಿಗೆ ಸಂದೇಹವಾಗುತ್ತದೆ. ಜೋಳವಾಳಿಯ ಲೋಕದಲ್ಲಿ ಒಡೆಯ ಕೈಬಿಟ್ಟ ಆಳಿನ ಗತಿ ಇದೇ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (೨೦೧೩) ಬೆಂಗಳೂರಿನದು. ಸಂಬಳದ ಬಿಗಿಯಲ್ಲಿ ಒಗ್ಗಟ್ಟಾಗಿದ್ದ ಕುಟುಂಬ, ತಂದೆಯ ನೌಕರಿ ಹೋದ ಮೇಲೆ ಚಿಕ್ಕಪ್ಪ ಆರಂಭಿಸಿದ ಮಸಾಲೆಯ ವ್ಯಾಪಾರದಿಂದ ಸಿರಿವಂತವಾಗುತ್ತದೆ. ಕಥೆ ಹೇಳುವ ಮಗ ಹೆಸರಿಗೆ ನಿರ್ದೇಶಕ, ಮಾಡಲು ಕೆಲಸವಿಲ್ಲ, ಹಣ ಬರುತ್ತದೆ. ಅದನ್ನು ಪ್ರಶ್ನಿಸುವವಳು ಹೆಂಡತಿ ಅನಿತಾ. ಆಯ್ದಕ್ಕಿ ಲಕ್ಕಮ್ಮನಾದ ಎಂಟು ನೂರು ವರ್ಷಗಳ ಮೇಲೆ ಕನ್ನಡದ ಮನೆಯೊಂದರಲ್ಲಿ ಮತ್ತೆ ಒಬ್ಬ ಹೆಂಡತಿ, ದುಡಿಯದೆ ಬಂದುದನ್ನು ಮನೆಯೊಳಕ್ಕೆ ಸೇರಿಸಲೊಲ್ಲಳು. ಲೇಖಕರ ಉದ್ದೇಶದಲ್ಲಿ ಲಕ್ಕಮ್ಮ ಇದ್ದಳೆಂದು ಹೇಳಬೇಕಾಗಿಲ್ಲ. ಮಾರಯ್ಯ ಹೆಂಡತಿಯ ಮಾತು ಕೇಳಿ ಹಿಂದಿರುಗಿ ಹೋದ. ಈ ಗಂಡ ಕಾಫಿ ಹೌಸಿಗೆ ಹೋಗಿ ಕೂರುತ್ತಾನೆ. ಎರಡು ಕಾಲಗಳ ಅಂತರ ಈ ಎರಡು ನಡೆಗಳಲ್ಲಿ ಅಡಗಿದೆ. ವಚನಗಳ ವಿದ್ಯಾರ್ಥಿಗಳು ಈ ಕೃತಿಯನ್ನು ಬದಿಗಿಟ್ಟುಕೊಂಡು ಲಕ್ಕಮ್ಮನ ವಚನಗಳನ್ನು ಓದಿದರೆ ಎರಡಕ್ಕೂ ಲಾಭ.

ಹಳೇ ಮದರಾಸು ರಸ್ತೆಯಲ್ಲಿ ಈ ನಡುವೆ ಬಹಳ ಬದಲಾಗಿದೆ. ಎನ್.ಜಿ.ಇ.ಎಫ್. ಈ ಶತಮಾನದ ಮೊದಲ ವರ್ಷಗಳಲ್ಲಿ ಮುಚ್ಚಿತು. ೧೯೯೦ರ ದಶಕದ ಅನಂತರ ದೂರಸಂಪರ್ಕ ಕ್ಷೇತ್ರ ಖಾಸಗಿಯವರಿಗೆ ತೆರೆದುಕೊಂಡಾಗ ಐ.ಟಿ.ಐ. ಕುಗ್ಗಿತು. ಖಾಯಂ ಎಂಬ ಪದದ ಜಾಗವನ್ನು ಗುತ್ತಿಗೆ ಎಂಬುದು ಹಿಡಿಯಿತು. ಇದೇ ನಗರದ ಬೀದಿಗಳನ್ನು ಗುಡಿಸುವ ಪೌರಕಾರ್ಮಿಕರು ೨೦೨೨ರ ಜುಲೈನಲ್ಲಿ ಮುಷ್ಕರ ಹೂಡಿ ಕೇಳಿದ್ದು ಅದೇ ಖಾಯಮಾತಿಯನ್ನು. ಶಿವಭಕ್ತರ ಅಂಗಳವನ್ನು ಗುಡಿಸುವುದೇ ಸತ್ಯಕ್ಕನ ಕಾಯಕವಾಗಿತ್ತು, ಆಕೆ ವಚನಕಾರ್ತಿಯಾಗಿ ಉಳಿದಳು. ಆಕೆಯ ಹೆಸರನ್ನು ಗೌರವದಿಂದ ನೆನೆಯುವ ಸಮಾಜ, ಬೆಳಗಿನ ಜಾವ ಪೊರಕೆ ಹಿಡಿದ ಹೆಂಗಸಿಗೆ ಹೆರಿಗೆಯ ರಜೆ, ಕುಡಿಯುವ ನೀರು, ಶೌಚಾಲಯಗಳಿವೆಯೆ ಎಂದು ಕೇಳದಿದ್ದರೆ ಆ ಗೌರವಕ್ಕೆ ಅರ್ಥವಿಲ್ಲ.

ಇಂದಿರಾನಗರದ ನೂರು ಅಡಿ ರಸ್ತೆಯಲ್ಲಿ ಊಟದ ಪೊಟ್ಟಣ ಹೊತ್ತು ಮೋಟಾರ್ ಸೈಕಲ್ಲಿನಲ್ಲಿ ಓಡುವ ಯುವಕರದು ಉದ್ಯೋಗದ ಇನ್ನೂ ಹೊಸ ರೂಪ. ಅವರಿಗೆ ಕೆಲಸ ಕೊಡುವ ಸಂಸ್ಥೆಗಳು ಅವರನ್ನು ನೌಕರರೆನ್ನುವುದಿಲ್ಲ, ‘ಪಾರ್ಟ್‌ನರ್’ ಎನ್ನುತ್ತವೆ. ಕನ್ನಡದಲ್ಲಿ ಹೇಳಬೇಕಾದರೆ ಪಾಲುಗಾರ. ಪದವೇನೋ ಗೌರವದ್ದು. ಆದರೆ ಕೃಷಿಯಲ್ಲಿ ಪಾಲುಗಾರನೆಂದರೆ ಬೆಳೆಯಲ್ಲಿ ಇಷ್ಟು ಎಂದು ಮೊದಲೇ ಮಾತಾದವನು, ರಾಶಿಯನ್ನು ಕಣ್ಣಾರೆ ಅಳೆಯುವವನು. ಇಲ್ಲಿ ರಾಶಿ ಎಲ್ಲಿದೆಯೆಂಬುದು ಪಾಲುಗಾರನಿಗೆ ಕಾಣದು. ಅಳತೆ ಕೈಯಲ್ಲಿರುವ ಯಂತ್ರದ ಒಳಗೆ ಎಲ್ಲಿಯೋ ನಡೆಯುತ್ತದೆ, ಅದೂ ದಿನಕ್ಕೊಂದು ಬಗೆಯಾಗಿ. ಒಡೆಯನ ಮುಖ ಕಾಣದ ಈ ಊಳಿಗಕ್ಕೆ ಜೋಳವಾಳಿಯ ಹೆಸರೂ ಸಲ್ಲುವುದಿಲ್ಲ, ಏಕೆಂದರೆ ಜೋಳವಾಳಿಯಲ್ಲಿ ಸತ್ತವನಿಗೆ ಒಡೆಯ ಕಲ್ಲನ್ನಾದರೂ ನಿಲ್ಲಿಸುತ್ತಿದ್ದ, ಅವನ ಮನೆಯವರಿಗೆ ನೆಲವನ್ನು ಬಿಡುತ್ತಿದ್ದುದೂ ಉಂಟು. ಒಪ್ಪಂದದ ಶುಚಿತ್ವವನ್ನು ಕುರಿತು ಸೂಳೆ ಸಂಕವ್ವೆ ಹೇಳಿದ ವಚನ ಇಂಥಲ್ಲಿ ನೆನಪಾಗಬೇಕು. ಸಮಾಜ ಅತ್ಯಂತ ಹೀನವೆಂದ ವೃತ್ತಿಯಲ್ಲಿದ್ದವಳು ಆಕೆ. ಒಬ್ಬರಿಂದ ಒತ್ತೆ ಹಿಡಿದ ಮೇಲೆ ಮತ್ತೊಬ್ಬರಿಂದ ಹಿಡಿಯೆನೆಂಬುದು ಆಕೆಯ ನೇಮ. ಕೊಟ್ಟ ಮಾತಿನ ಈ ಬಿಗಿಯನ್ನು ಎರಡೂ ಪಕ್ಷಗಳಿಂದ ನಿರೀಕ್ಷಿಸುವುದು ನ್ಯಾಯ.

ಕರ್ನಾಟಕದ ವಿಧಾನಮಂಡಲ ೨೦೨೫ರಲ್ಲಿ ಇಂಥ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾಯಿದೆಯೊಂದನ್ನು ಅಂಗೀಕರಿಸಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ನೂರಕ್ಕೆ ೧ರಿಂದ ೫ರವರೆಗೆ ಕಲ್ಯಾಣಶುಲ್ಕವನ್ನು ಸಂಸ್ಥೆಗಳು ನಿಧಿಗೆ ಕಟ್ಟಬೇಕೆಂದೂ, ಕೆಲಸವನ್ನು ಹಂಚುವ ಯಂತ್ರವಿಧಾನ ಕಾರ್ಮಿಕನಿಗೆ ತಿಳಿಯುವಂತಿರಬೇಕೆಂದೂ, ಕಾರಣ ಕೊಡದೆ ಅವನನ್ನು ಕೆಲಸದಿಂದ ತೆಗೆಯಬಾರದೆಂದೂ ಅದರಲ್ಲಿದೆ. ಆ ಕಾಯಿದೆಯೂ ಅವನನ್ನು ಪೂರ್ಣಾರ್ಥದ ನೌಕರನೆಂದು ಕರೆಯುವುದಿಲ್ಲ, ಪಾಲುಗಾರನೆಂದೂ ಕರೆಯುವುದಿಲ್ಲ. ‘ಗಿಗ್ ಕಾರ್ಮಿಕ’ ಎಂಬ ಹೊಸ ಹೆಸರು ಕನ್ನಡಕ್ಕೆ ಬಂದಿದೆ. ಅದರ ಮೊದಲ ಅರ್ಧ ಪರಭಾಷೆಯದಾಗಿಯೇ ಉಳಿದಿದೆ, ಎರಡನೆಯ ಅರ್ಧದಲ್ಲಿ ಕರ್ಮವಿದೆ.